ಮಿಸ್ ಗಾಂಟರ ಮೇಜಿನ ಕಾಗದಗಳು

1853ರ ಮಾರ್ಚ್ 8, ಮಂಗಳವಾರ ಬೆಳಿಗ್ಗೆ ಬ್ಲೂಮ್ಸ್‌ಬರಿ ಠಾಣೆಗೆ ದೂರು ಬಂತು. ಕೊಟ್ಟವರು ಮಿಸ್ ಗಾಂಟ್. ಲಂಡನ್ನಿನಲ್ಲಿ ದಾನಧರ್ಮಕ್ಕೆ ಅವರನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂದು ಹೆಸರು. ಆ ಹೆಸರು ನಾಲ್ಕು ಜನರ ಕಿವಿಗೆ ಬೀಳುವ ಹಾಗೆ ಅವರೇ ನೋಡಿಕೊಳ್ಳುತ್ತಿದ್ದರು. ಕಾದಂಬರಿಕಾರ ಡೆನ್‌ಶಾ ತಮಗೆ ಬರೆದ ಕೆಲವು ಪತ್ರಗಳು ಮೇಜಿನ ಖಾನೆಯಿಂದ ಕಳುವಾಗಿವೆ ಎಂಬುದು ದೂರು.

ಇನ್ಸ್‌ಪೆಕ್ಟರ್ ಹಾಗ್ಬೆನ್, ಕಾನ್ಸ್‌ಟೇಬಲ್ ಟಿಬ್ಸ್‌ನನ್ನು ಕರೆದುಕೊಂಡು ಅವರ ಮನೆಗೆ ಹೋಗಿ ಮಹಜರು ಶುರು ಮಾಡಿದರು. ಬೀಗ ಮುರಿದಿತ್ತು. ಪಕ್ಕದಲ್ಲಿದ್ದ ಚಿನ್ನದ ಗಡಿಯಾರವನ್ನು ಯಾರೂ ಮುಟ್ಟಿರಲಿಲ್ಲ. ಡೆನ್‌ಶಾ ಆಗಲೇ ಬಂದು ಕುರ್ಚಿ ತುಂಬ ಕೂತಿದ್ದ.

"ಪತ್ರದಲ್ಲಿ ಏನಿತ್ತು?"

"ಪುಣ್ಯದ ಕೆಲಸ, ಇನ್ಸ್‌ಪೆಕ್ಟರೇ. ದಾರಿ ತಪ್ಪಿದ ಹುಡುಗೀರಿಗೆ ನಾವಿಬ್ರೂ ಆಶ್ರಮ ನಡೆಸ್ತೀವಿ. ಸೇರೋವಾಗ ಪ್ರತಿಯೊಬ್ಳೂ ತನ್ನ ಕತೆ ನನಗೆ ಒಂದ್ಸಲ ಹೇಳ್ಬೇಕು. ಆಮೇಲೆ ಅದು ಯಾರ ಬಾಯಲ್ಲೂ ಬರಕೂಡದು. ಅದನ್ನ ನಾನು ಮಿಸ್ ಗಾಂಟ್‌ಗೆ ಬರೆದು ತಿಳಿಸ್ತಿದ್ದೆ."

"ಆ ಪತ್ರ ನಿಮಗೆ ಈಗ ಯಾಕೆ ಬೇಕಾಯ್ತು?"

"ನನ್ನ ಕಾದಂಬರಿ ತಿಂಗಳು ತಿಂಗಳು ಅಚ್ಚಾಗುತ್ತಲ್ಲ, ಅದರ ಮೇ ಕಂತಿಗೆ. ಹೆಸರು ಬದಲಾಯಿಸ್ತೀನಿ ಬಿಡಿ. ವಿವರ ಎಲ್ಲಾ ಪತ್ರದಲ್ಲೇ ಇದೆ, ನನಗೆ ನೆನಪಿಲ್ಲ."

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟು ಕೇಳಿಸಿಕೊಂಡ ಗೋಳನ್ನು ಊರಿಗೆಲ್ಲ ಮಾರಲು ಹೊರಟವನ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಥೂ!

"ಸಾರ್, ಇಲ್ನೋಡಿ," ಎಂದ ಟಿಬ್ಸ್. "ಕಳ್ಳ ಬೀಗ ಮುರಿದು, ಮೇಜು ಒರೆಸಿ ಹೋಗಿದಾನೆ!"

ನಿಜ. ಉಳಿದ ಪತ್ರಗಳನ್ನು ಮತ್ತೆ ರಿಬ್ಬನ್ನಿನಲ್ಲಿ ಕಟ್ಟಿಡಲಾಗಿತ್ತು. ಮರದ ಚಕ್ಕೆಗಳೆಲ್ಲ ಒಂದು ತಟ್ಟೆ ಸೇರಿದ್ದವು. ಮಿಸ್ ಗಾಂಟ್ ಹೆಮ್ಮೆಯಿಂದ ನಕ್ಕರು. "ಒಳ್ಳೇ ನಮ್ಮ ಆಶ್ರಮದ ಹುಡುಗಿ ಹಾಗಾಯ್ತು! ಅಲ್ಲಿ ಓರಣಕ್ಕೆ ಅಂಕ ಕೊಡ್ತೀವಿ. ಚೂರು ಕಸ ಬಿಟ್ರೂ ಅಂಕ ಹೋಯ್ತು. ಈ ಮನೇಲಿ ಅಲ್ಲಿಂದ ಬಂದವಳು ಕೆಜಿಯಾ ಒಬ್ಳೇ. ನಿದ್ದೇಲೂ ಒರೆಸ್ತಾಳೆ."

ತಾವು ಹೇಳಿದ್ದೇನು ಎಂಬುದು ಆ ಮಹಾತಾಯಿಗೆ ಹೊಳೆಯಲೇ ಇಲ್ಲ. ಹಾಗ್ಬೆನ್ ಸೀದಾ ಅಡಿಗೆಮನೆಗೆ ಇಳಿದರು.

ಕೆಜಿಯಾ ಒಲೆ ಉಜ್ಜುತ್ತಿದ್ದಳು.

"ಕಾಗದ ಎಲ್ಲಿದೆಯಮ್ಮ?"

"ಸುಟ್ಟೆ, ಸಾಹೇಬ್ರೇ."

"ನಿನ್ನ ಕತೆ ಇರೋವೇ ಅಂತ ಹೇಗೆ ಗೊತ್ತಾಯ್ತು?"

"ಓದೋಕೆ ಆಶ್ರಮದಲ್ಲಿ ಅವರೇ ತಾನೇ ಕಲಿಸಿದ್ದು." ಅವಳು ಕೈ ಒರೆಸಿಕೊಂಡಳು. "ನಂಗೆ ಜೋನಾ ಅಂತ ಬಡಗಿ ಜೊತೆ ಮದುವೆ ಗೊತ್ತಾಗಿದೆ. ಮೇಲೆ ಕೂತಿರೋ ಆ ಧಣಿ ಬರೆಯೋ ಕತೇನ ಅವನು ತಿಂಗಳು ತಿಂಗಳು ಅವರಮ್ಮನಿಗೆ ಓದಿ ಹೇಳ್ತಾನೆ. ನನ್ನ ಸತ್ತ ಮಗು, ಕೈ ಮೇಲಿನ ಸುಟ್ಟ ಕಲೆ, ಎಲ್ಲಾ ಆ ಕಾಗದದಲ್ಲಿ ಬರೆದಿಟ್ಟಿದ್ರು. ಹೆಸರು ಬದಲಾಯಿಸಿ ಕತೆಗೆ ಹಾಕ್ತೀನಿ ಅಂತ ಅಮ್ಮಾವ್ರಿಗೆ ಹೇಳ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಹೆಸರು ಬದಲಾಯಿಸಿದ್ರೆ ಕಲೆ ಹೋಗುತ್ತಾ?"

ಹಾಗ್ಬೆನ್ ಬಂಧನದ ಮಾತು ಹೇಳಿ ಅವಳನ್ನು ಮೇಲೆ ಕರೆತಂದರು. ಬಾಗಿಲಲ್ಲಿ ಡೆನ್‌ಶಾ ಅಡ್ಡ ಬಂದ. "ಅತ್ತಳಾ? ಏನಂದ್ಲು? ಅವಳದೇ ಮಾತಲ್ಲಿ ಹೇಳಿ."

ಟಿಬ್ಸ್ ಬಾಯಿ ತೆರೆದ. ಹಾಗ್ಬೆನ್ ಅವನ ಕಾಲು ತುಳಿದರು. "ತುಟಿ ಪಿಟಕ್ ಅನ್ನಲಿಲ್ಲ, ಸ್ವಾಮಿ. ದಾರಿ ಬಿಡಿ."

ಸಂಜೆ ಲಾಕಪ್ಪಿನಲ್ಲಿ ಅವಳು ಒಂದೇ ಒಂದು ಮಾತು ಬೇಡಿಕೊಂಡಳು. "ಜೋನಾ ಬಂದ್ರೆ ಬೆಳ್ಳಿ ಚಮಚ ಕದ್ದಳು ಅಂತ ಹೇಳ್ಬಿಡಿ. ಕಳ್ಳಿ ಅಂದ್ರೆ ತಡ್ಕೊಂಡಾನು. ಅದೊಂದು ತಿಳೀಬಾರ್ದು."

ಕತ್ತಲಾಗುವ ಮೊದಲೇ ಅವನು ಬಂದ. ಬಟ್ಟೆಯ ಮೇಲೆ ಮರದ ಹೊಟ್ಟು ಹಾಗೇ ಇತ್ತು.

"ಯಾಕೆ ಹಿಡಿದ್ರಿ ಅವಳನ್ನ?"

"ಚಮಚ ಕದ್ದಿದಾಳಪ್ಪ," ಎಂದರು ಹಾಗ್ಬೆನ್.

"ಅಷ್ಟೇನಾ?" ಎಂದು ಜೋನಾ ಟೋಪಿ ತೆಗೆದು ಬೆಂಚಿನ ಮೇಲೆ ಕೂತ. "ಯಾವಾಗ ಬಿಡ್ತೀರಿ ಹೇಳಿ, ಕಾಯ್ತೀನಿ."