ಬಾಯಲ್ಲಿ ಕಚ್ಚಿದ ಟವೆಲ್

“ಬಾಯಾಗಿನ ಟವೆಲ್ ತೆಗೀಬ್ಯಾಡ್ರಿ ಸಾರ್. ನೋವಿನಾಗೆ ಯಾರ ಹೆಸರು ಬಾಯಿಗೆ ಬರ್ತೈತೋ ನೋವು ಅವರಿಗೇ ಹೋಗ್ತೈತೆ.”

ಏಕನಾಥಮ್ಮ ಹೇಳಿದ್ದು ಇಷ್ಟೇ. ಐಮಂಗಲದ ಹೆದ್ದಾರಿ ಮಗ್ಗುಲಿನ ತುರ್ತು ಚಿಕಿತ್ಸಾಲಯಕ್ಕೆ ಗಂಡ ತಿಮ್ಮರಾಯಪ್ಪನನ್ನು ಆಟೋದಲ್ಲಿ ಹಾಕಿಕೊಂಡು ಬಂದಿದ್ದಳು. ಕುರಿ ಕಾಯುವ ಮನುಷ್ಯ. ಎಂಟು ದಿನದ ತಲೆನೋವು. ಮೇವಿನ ಜಗಳದಲ್ಲಿ ಯಾರೋ ಮಾಟ ಮಾಡಿಸಿ, ಕುರಿರೊಪ್ಪದ ಬಾಗಿಲಲ್ಲಿ ಟಗರಿನ ತಲೆ ಹೂತಿದ್ದರು. ಆವತ್ತಿನಿಂದ ಅವನು ಹೆಂಡತಿಯನ್ನೂ ಹೆಸರು ಹಿಡಿದು ಕರೆದಿರಲಿಲ್ಲ.

ಡಾಕ್ಟರ್ ಮೋಹನ್‌ಕುಮಾರ್ ಈ ಕಡೆಗೆ ಬಂದು ತಿಂಗಳಾಗಿತ್ತು. ನಕ್ಕರು.

“ನಗ್ರಿ ಸಾರ್, ನಗ್ರಿ. ನಿಮ್ದು ಗಟ್ಟಿ ತಲೆ ಇರ್ಬೇಕು” ಎಂದಳು ಏಕನಾಥಮ್ಮ.

“ಸುಮಾ, ಬಿ.ಪಿ. ನೋಡಿ.”

ನರ್ಸ್ ಸುಮಾ ತೋಳಿಗೆ ಪಟ್ಟಿ ಸುತ್ತುತ್ತಾ ಮೆಲ್ಲಗೆ ಅಂದಳು, “ಸಾರ್, ಟವೆಲ್ ಒಂದು ಇರ್ಲಿ ಬಿಡ್ರಿ.”

“ನೀವೂ ನಂಬ್ತೀರಾ?” ಡಾಕ್ಟರೇ ಟವೆಲ್ ಎಳೆದು ನೆಲಕ್ಕೆ ಹಾಕಿದರು. ಎಂಜಲು, ಉಣ್ಣೆ, ಹಳೇ ಮಜ್ಜಿಗೆಯ ನಾತ. “ನೋವಿಗೆ ಹತ್ತಕ್ಕೆ ಎಷ್ಟು ಕೊಡ್ತೀಯಪ್ಪ? ಹತ್ತಾ? ಹೋಗೋದಾದ್ರೆ ನನಗೇ ಬರ್ಲಿ. ಮೋಹನ್‌ಕುಮಾರ್. ಹೇಳು ನೋಡೋಣ.”

ತಿಮ್ಮರಾಯಪ್ಪ ಹೆಂಡತಿಯ ಮುಖ ನೋಡಿದ. ಬೇಡ ಎಂದು ಅವಳು ತಲೆಯಾಡಿಸಿದಳು. ಎಂಟು ದಿನ ತಡೆದಿದ್ದ ತುಟಿ ನಡುಗಿತು.

“ಮೋನ್‌ಕುಮಾರ...”

ಅವನ ಹುಬ್ಬು ಸಡಿಲಾಯಿತು. ಎದ್ದು ಕೂತ. “ತಪ್ಪಾತು ಸಾರ್, ತಡಕಣಾಕಾಗ್ಲಿಲ್ಲ” ಎಂದು ಅತ್ತ.

“ನೋಡಿದ್ರಾ, ಎಲ್ಲಾ ಮನಸ್ಸಿಂದು...” ಡಾಕ್ಟರ ಮಾತು ಅಲ್ಲೇ ನಿಂತಿತು.

ಸ್ಪಿರಿಟ್ಟಿನ ವಾಸನೆ ಹೋಯಿತು. ಸುಟ್ಟ ಉಣ್ಣೆಯ ಕಮಟು ಬಂತು. ಲಾರಿಗಳ ಸದ್ದು ದೂರವಾಗಿ ಗೊರಸಿನ ಸದ್ದು ಹತ್ತಿರವಾಯಿತು. ತಲೆಯೊಳಗೇ. ಮಟಮಟ ಮಧ್ಯಾಹ್ನ ಕಣ್ಣಿಗೆ ಕತ್ತಲೆ. ಕತ್ತಲೆಯಲ್ಲಿ ಸುರುಳಿ ಸುತ್ತಿದ ಎರಡು ಕೊಂಬು. ಹಿಂದೆ ಸರಿದವು. ನಿಂತವು. ಓಡಿ ಬಂದವು. ಢೀ. ಮತ್ತೆ ಹಿಂದೆ ಸರಿದವು. ಢೀ. ಗೋಡೆಗೆ ಕೈ ಚಾಚಿದರು. ಗೋಡೆ ಸಿಗಲಿಲ್ಲ. ಇಂಜೆಕ್ಷನ್ನು ಬೇಕು. ಯಾರಾದರೂ ಬೇಕು. ಢೀ.

“ಹೆಸರು ಹೇಳ್ಬ್ಯಾಡ್ರಿ!” ಏಕನಾಥಮ್ಮ ಚೀರಿದಳು. “ಬಾಯಿ ಮುಚ್ಕಳ್ರಿ ಸಾರ್!”

ದಿನಕ್ಕೆ ನೂರು ಸಲ ಕರೆದು ರೂಢಿಯಾದ ಬಾಯಿ.

“ಸುಮಾ...”

ತಲೆ ಹಗುರಾಯಿತು. ಫ್ಯಾನಿನ ಗಾಳಿ ಹಣೆಗೆ ತಣ್ಣಗೆ ತಾಗಿತು. ಟ್ರೇ ಬಿದ್ದ ಸದ್ದಿಗೆ ಕಣ್ಣು ಬಿಟ್ಟರು. ಸುಮಾ ನೆಲದ ಮೇಲಿದ್ದಳು, ಎರಡೂ ಕೈಯಲ್ಲಿ ಹಣೆ ಒತ್ತಿಕೊಂಡು.

“ಹತ್ತಕ್ಕೆ ಎಷ್ಟು...” ಎಂದರು.

ಅವಳು ಅವರ ಮುಖವನ್ನೇ ನೋಡುತ್ತಿದ್ದಳು. ನನ್ನ ಹೆಸರು ಹೇಳಿಬಿಡಿ ಎಂದು ಅವರು ಇನ್ನೊಂದು ಸಲ ಅನ್ನಬಹುದಿತ್ತು. ಅನ್ನಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದರು.

ಮೇಜಿನ ಮೇಲೆ ಸುಮಾಳ ಫೋನು ಹೊಡೆದುಕೊಂಡಿತು. ಪರದೆಯ ತುಂಬ ಅವಳ ಆರು ವರ್ಷದ ಮಗಳ ನಗು. ಆ ಹೆಸರು ಆಗಲೇ ನಾಲಿಗೆಯ ತುದಿಗೆ ಬಂದಿತ್ತು. ಸುಮಾ ತೆವಳಿಕೊಂಡು ಹೋಗಿ, ನೆಲದಲ್ಲಿ ಬಿದ್ದಿದ್ದ ಟವೆಲ್ಲನ್ನು ಬಾಯಿಗೆ ತುರುಕಿಕೊಂಡಳು.