ಎರಡನೇ ಪ್ರತಿವಾದಿ

ರಾಡಿನ ಮೊದಲ ಏಟಿಗೇ ಇಸ್ತ್ರಿ ಅಂಗಡಿಯ ಗಾಜಿನ ಬಾಗಿಲು ಪುಡಿಪುಡಿಯಾಯಿತು. ಮಡಿಸಿಟ್ಟ ಅಂಗಿಗಳ ಮೇಲೆಲ್ಲ ಚೂರು.

“ನಾಳೆ ಕೋರ್ಟಲ್ಲಿ ಅಂಗಡಿ ಯಾರ ವಶದಲ್ಲಿದೆ ಅಂತ ಜಡ್ಜ್ ಕೇಳೋ ಹೊತ್ತಿಗೆ ಇಲ್ಲಿ ನನ್ನ ಬೀಗ ಬಿದ್ದಿರಬೇಕು!” ಕಟ್ಟಡದ ಮಾಲೀಕ ಅಬ್ಬರಿಸಿದ. ಜೊತೆಗೆ ಇಬ್ಬರು ದಾಂಡಿಗರು.

“ತಡೆಯಾಜ್ಞೆ ಇದೆ!” ಅಂಗಡಿ ನಡೆಸುತ್ತಿದ್ದ ಅವಳು ಗೋಡೆಯ ಮೇಲಿನ ಹಾಳೆ ತೋರಿಸಿದಳು. ಮಾಲೀಕನಾಗಲಿ ಅವನ ತಮ್ಮನಾಗಲಿ ಅಂಗಡಿಯೊಳಗೆ ಕಾಲಿಡಬಾರದು, ಬಾಡಿಗೆಯವಳನ್ನು ಎಬ್ಬಿಸಬಾರದು ಎಂದು ಕೋರ್ಟ್ ಹೇಳಿತ್ತು. ಅವನು ಹಾಳೆಯನ್ನು ಕಿತ್ತು ಉಂಡೆ ಮಾಡಿ ಎಸೆದ.

ಅಷ್ಟರಲ್ಲಿ ರಸ್ತೆ ದಾಟಿ ಮಾಲೀಕನ ತಮ್ಮ ಓಡಿ ಬಂದ. ಆಜ್ಞೆ ಬಂದಾಗಿನಿಂದ ಅವನು ಇಸ್ತ್ರಿಗೆ ತಂದ ಅಂಗಿಯನ್ನು ಮೆಟ್ಟಿಲ ಮೇಲಿಟ್ಟು ದೂರ ನಿಲ್ಲುತ್ತಿದ್ದ. “ಏನು ಎರಡನೇ ಪ್ರತಿವಾದಿಗಳೇ, ದಿನಾ ಅದೇ ಅಂಗೀನಾ?” ಎಂದು ಅವಳು ಕೆಣಕಿದರೆ ಕಿವಿಯವರೆಗೂ ಕೆಂಪಾಗುತ್ತಿದ್ದ.

ಈಗ ಬಾಗಿಲಿಗೆ ಅಡ್ಡ ನಿಂತ. “ಬೇಡ ಅಣ್ಣಾ. ನನ್ನ ತುಳಿದೇ ಒಳಗೆ ಹೋಗ್ಬೇಕು ನೀನು.”

“ಹೆಣ್ಣಿನ ಹಿಂದೆ ಬಿದ್ದು ಒಡಹುಟ್ಟಿದವನನ್ನೇ ಮರೆತ್ಯೇನೋ?”

ರಾಡು ಭುಜಕ್ಕೆ ಬಿತ್ತು. ಮೂಳೆ ಮುರಿದ ಸದ್ದು ಅವಳಿಗೂ ಕೇಳಿಸಿತು. ಎರಡನೇ ಏಟಿಗೆ ಹಣೆ ಒಡೆಯಿತು. ಕುಸಿದನೇ ಹೊರತು ಬಾಗಿಲ ಚೌಕಟ್ಟು ಬಿಡಲಿಲ್ಲ. ರಾಡು ಮತ್ತೆ ಮೇಲೆದ್ದಾಗ ಅವಳು ಕಾದ ಇಸ್ತ್ರಿ ಪೆಟ್ಟಿಗೆಯನ್ನು ಮಾಲೀಕನ ಮುಂಗೈಗೆ ಒತ್ತಿಬಿಟ್ಟಳು. ಚರ್ಮ ಸುಟ್ಟ ವಾಸನೆ, ಕಿರುಚಾಟ. ದಾಂಡಿಗರು ಕಾಲಿಗೆ ಬುದ್ಧಿ ಹೇಳಿದರು. ಅವರ ಹಿಂದೆಯೇ ಮಾಲೀಕ.

ಅವಳು ತಮ್ಮನ ಕಂಕುಳಿಗೆ ಕೈಹಾಕಿ ಒಳಗೆಳೆದಳು.

“ಬಿಡಿ, ನಾನು ಒಳಗೆ ಬರೋ ಹಾಗಿಲ್ಲ. ಕೋರ್ಟು...”

“ಬಾಯ್ಮುಚ್ಚಿ. ರಕ್ತ ಸುರೀತಿದೆ, ಕಾನೂನು ಮಾತಾಡ್ತಾರಂತೆ.” ಯಾರದೋ ಅಂಗಿ ಹರಿದು ಹಣೆಗೆ ಕಟ್ಟಿದಳು. “ಸಾಯ್ತಿದ್ರಲ್ಲ! ಯಾಕೆ ಬಂದ್ರಿ?”

“ಆ ಅಂಗಿಗೆ ಯಾವತ್ತೂ ಇಸ್ತ್ರಿ ಬೇಕಿರಲಿಲ್ಲ,” ಎಂದ. ನಗಲು ಹೋಗಿ ನರಳಿದ.

ಪಕ್ಕದ ಅಂಗಡಿಯವರು ಫೋನ್ ಮಾಡಿದ್ದರಿಂದ ಪೊಲೀಸರು ಬಂದರು. ಪೇದೆ ನೇರ ಅವನ ಕಾಲರ್ ಹಿಡಿದ. “ಇವನೂ ಪ್ರತಿವಾದಿ ತಾನೇ? ಆಜ್ಞೆ ಮೀರಿ ನುಗ್ಗಿದ್ದಾನೆ. ಏಳೋ!”

“ಕೈ ತೆಗೀರಿ. ಅಂಗಡಿ ನನ್ನ ವಶದಲ್ಲಿದೆ. ನಾನೇ ಇವರನ್ನ ಒಳಗೆ ಎಳ್ಕೊಂಡೆ.”

“ಇವನಿಗೂ ನಿಮಗೂ ಏನಮ್ಮ ಸಂಬಂಧ?”

“ಮದುವೆ ಆಗೋರು.”

ಪೇದೆ ಗಾಯಾಳುವಿನ ಬೆಪ್ಪು ಮುಖ ನೋಡಿದ. “ಇವನಿಗೇ ಗೊತ್ತಿದ್ದ ಹಾಗಿಲ್ಲವಲ್ಲ!”

“ಈಗ ಗೊತ್ತಾಯ್ತಲ್ಲ. ಮೊದಲು ಆಂಬುಲೆನ್ಸ್ ಕರೀರಿ.”

ಪೇದೆ ಫೋನ್ ತೆಗೆದು ಹೊರಗೆ ಹೋದ.

“ನಾಳೆ ಸ್ಟ್ರೆಚರ್ ಮೇಲಾದ್ರೂ ಕೋರ್ಟಿಗೆ ಬರ್ತೀನಿ,” ಎಂದ ಅವನು. “ಅಣ್ಣ ಮಾಡಿದ್ದೆಲ್ಲ ಹೇಳ್ತೀನಿ. ಅಂಗಡಿ ನಿಮ್ಮ ಕೈತಪ್ಪಿ ಹೋಗಲ್ಲ.”

“ಅದು ನಾಳೆಯ ಮಾತು. ನಾನು ಹೇಳಿದ್ದಕ್ಕೆ ಏನಂತೀರಿ?”

ಎಡಗೈ ಆಡುತ್ತಿರಲಿಲ್ಲ. ಬಲಗೈ ಚಾಚಿ ಅವಳ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡ.