ಬಿಸಿ ಇಳಿಯುವವರೆಗೆ

ಸಾವಿನ ಸುದ್ದಿ ಬಂದದ್ದು ಬೆಳಿಗ್ಗೆ. ಮಧ್ಯಾಹ್ನದ ಹೊತ್ತಿಗೆ ಆ ಸುದ್ದಿಯನ್ನು ಹೊತ್ತ ಕಾರು ಗುಡ್ಡದ ಬುಡದಲ್ಲಿದ್ದ ಗ್ಯಾರೇಜಿನ ಮುಂದೆ ಬಂದು ನಿಂತಿತು. ಬಾನೆಟ್ಟಿನ ಸಂದಿಯಿಂದ ಆವಿ ಏಳುತ್ತಿತ್ತು.

ಇಳಿದವನು ಬಾನೆಟ್ ಎತ್ತಿದ. ಕೈಗೆ ಕರವಸ್ತ್ರ ಸುತ್ತಿಕೊಂಡು ರೇಡಿಯೇಟರ್ ಮುಚ್ಚಳ ಹಿಡಿದ.

"ಮುಟ್ಟಬೇಡಿ!"

ಗ್ಯಾರೇಜಿನಿಂದ ಓಡಿಬಂದ ಹೆಣ್ಣು ಅವನ ಮಣಿಕಟ್ಟು ಹಿಡಿದು ಎಳೆದಳು. ಮೇಸ್ತ್ರಿಯ ಮಗಳು ಅವಳು. ಅಪ್ಪ ಪುಟ್ಟಿ ಎನ್ನುತ್ತಿದ್ದ, ಹಾಗಾಗಿ ಗಿರಾಕಿಗಳಿಗೂ ಅವಳು ಪುಟ್ಟಿಯೇ.

"ತೆಗೆದಿದ್ರೆ ಕುದಿಯೋ ನೀರು ಮುಖಕ್ಕೇ ಬರ್ತಿತ್ತು. ಕಣ್ಣು ಬೇಡವಾ ನಿಮಗೆ?"

"ಕನ್ನಡಕ ಮಾರೋದೇ ನನ್ನ ಕಸುಬು," ಎಂದ ಅವನು, ನಗದೆ. "ಬೇಗ ಸರಿಮಾಡಿ. ಕತ್ತಲಾಗೋದರೊಳಗೆ ಗುಡ್ಡದ ಆಚೆ ಇರಬೇಕು ನಾವು."

ಅವಳ ಬೆರಳುಗಳು ಇನ್ನೂ ಅವನ ಮಣಿಕಟ್ಟಿನ ಮೇಲೆಯೇ ಇದ್ದವು. ಸರಕ್ಕನೆ ಬಿಟ್ಟಳು.

ಹಿಂದಿನ ಸೀಟಿನಲ್ಲಿ ಅವನ ತಾಯಿ ಕಣ್ಣು ಮುಚ್ಚಿ ಕುಳಿತಿದ್ದರು. ತುಟಿ ಮಾತ್ರ ಅಲುಗುತ್ತಿತ್ತು. ಪ್ರಯಾಣಕ್ಕೆ ಹೆದರಿದ್ದಾರೆ ಅಂದುಕೊಂಡಳು ಪುಟ್ಟಿ.

ಇಂಜಿನ್ ಆರಿದ ಮೇಲೆ ಟಾರ್ಚ್ ಹಿಡಿದು ಹುಡುಕಿದಳು. ಇಂಜಿನ್ನಿಗೂ ರೇಡಿಯೇಟರಿಗೂ ನಡುವೆ ಇರುವ ಮೇಲಿನ ರಬ್ಬರ್ ಪೈಪು ಕ್ಲಿಪ್ಪಿನ ಬಳಿ ಸೀಳಿತ್ತು. ಸುತ್ತಲೂ ಇಂಜಿನ್ ತಂಪಾಗಿಸುವ ಹಸಿರು ಕೂಲಂಟಿನ ಕಲೆ. ಒತ್ತಿ ನೋಡಿದರೆ ಪೈಪು ಹಪ್ಪಳದಂತೆ ಬಿರುಕುಬಿಟ್ಟಿತು.

ಅಪ್ಪ ಇಂಥ ಪ್ರತಿಯೊಂದು ಸಾಮಾನಿಗೂ ಹೇಳುತ್ತಿದ್ದ ಮಾತು ಅವಳ ಬಾಯಿಂದ ತಾನಾಗಿ ಹೊರಬಿತ್ತು.

"ಇದಕ್ಕೆ ಎಳ್ಳುನೀರು ಬಿಟ್ಟುಬಿಡಿ. ಇದರ ಕಥೆ ಮುಗೀತು."

ಹಿಂದಿನ ಸೀಟಿನಿಂದ ಒಂದು ಸದ್ದು ಬಂತು. ಅಳುವೂ ಅಲ್ಲ, ಮಾತೂ ಅಲ್ಲ.

ಅವನ ಮುಖ ಬಿಳಿಚಿಕೊಂಡಿತು. "ಸ್ವಲ್ಪ ಬಾಯಿ ಬಿಗಿಹಿಡಿದು ಕೆಲಸ ಮಾಡ್ತೀರಾ? ಬೆಳಿಗ್ಗೆ ನಮ್ಮಕ್ಕ ಹೋದಳು. ಅಮ್ಮ ಮಗಳ ಮುಖ ನೋಡಬೇಕು. ಸೂರ್ಯ ಮುಳುಗಿದ ಮೇಲೆ ಕಾಯೋದಿಲ್ಲ ಅಂದಿದ್ದಾರೆ ಭಾವನ ಮನೆಯವರು."

ಪುಟ್ಟಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ನಾಲಗೆಗೆ ಎಲುಬಿಲ್ಲ ಅನ್ನುವುದು ಸುಳ್ಳಲ್ಲ... ಯಾರ ಮುಂದೆ ಏನಂದೆ ನಾನು?

ಕೈಗೆ ಅವಸರ ಬಂತು. ಹೊಸ ಪೈಪು ತೊಡಿಸಿದಳು, ಕ್ಲಿಪ್ ಬಿಗಿದಳು, ಕೂಲಂಟ್ ಸುರಿದಳು, ಮುಚ್ಚಳ ಹಾಕಿದಳು.

"ಗುಡ್ಡ ದಾಟೋವರೆಗೆ ನಾನೂ ಬರ್ತೀನಿ," ಎಂದಳು ನೆಲ ನೋಡುತ್ತ.

"ಬೇಡ."

"ಬರಲಿ ಬಿಡೋ," ಎಂದರು ತಾಯಿ, ಕಣ್ಣು ತೆರೆಯದೆ.

ಏರು ಅರ್ಧ ಮುಗಿಯುವಷ್ಟರಲ್ಲಿ ಇಂಜಿನ್ನಿನ ಕಾವು ತೋರಿಸುವ ಮುಳ್ಳು ಮತ್ತೆ ಏಳತೊಡಗಿತು.

ಪುಟ್ಟಿ ಬಾನೆಟ್ಟಿನ ಕಡೆ ಬಗ್ಗಿ ನೋಡಿದಳು. ಆವಿಯಿಲ್ಲ, ಕೂಲಂಟಿನ ವಾಸನೆಯೂ ಇಲ್ಲ, ಪೈಪು ಸೋರುತ್ತಿಲ್ಲ. ಮತ್ತೇಕೆ? ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಬಿಸಿಲು ಆಗಲೇ ಹಳದಿಯಾಗಿತ್ತು. ಇಂಜಿನ್ನಿನ ಕಾವನ್ನು ಒಳಗೆಳೆಯಲು ಅವಳು ಕೈಚಾಚಿ ಹೀಟರ್ ತಿರುಗಿಸಿದಳು.

"ಈ ಸೆಕೆಯಲ್ಲಿ ಹೀಟರ್ರಾ?" ಎಂದ ಅವನು.

ಬಂದದ್ದು ತಣ್ಣನೆಯ ಗಾಳಿ. ಇಂಜಿನ್ ಕುದಿಯುತ್ತಿದೆ, ಹೀಟರ್ ತಣ್ಣಗಿದೆ... ಬಿಸಿನೀರು ಅಲ್ಲಿಯವರೆಗೆ ಹರಿಯುತ್ತಲೇ ಇಲ್ಲ! ಒಳಗೆ ಗಾಳಿ ಕಟ್ಟಿಕೊಂಡಿದೆ. ಕೂಲಂಟ್ ಸುರಿದ ಮೇಲೆ ಮುಚ್ಚಳ ತೆಗೆದಿಟ್ಟು ಇಂಜಿನ್ ಓಡಿಸಿ, ಗುಳ್ಳೆಯೆಲ್ಲ ಹೊರಬರುವವರೆಗೆ ಕಾಯಬೇಕಿತ್ತು. ಅದನ್ನೇ ಅವಳು ಮಾಡಿರಲಿಲ್ಲ.

ಹಾಳಾದ ಪೈಪು ಅಂದುಬಿಡಬಹುದಿತ್ತು. ಹಳೇ ಕಾರು ಅನ್ನಬಹುದಿತ್ತು.

"ನಿಲ್ಲಿಸಿ," ಎಂದಳು. "ತಪ್ಪು ನನ್ನದು. ಗಾಳಿ ತೆಗೆಯದೆ ಮುಚ್ಚಳ ಹಾಕಿಬಿಟ್ಟೆ. ಇಂಜಿನ್ ಆರಬೇಕು. ಆಮೇಲೆ ಸರಿಮಾಡ್ತೀನಿ."

"ಎಷ್ಟು ಹೊತ್ತು?"

"ಬಿಸಿ ಇಳಿಯೋವರೆಗೆ. ಅದು ಯಾರ ಮಾತೂ ಕೇಳಲ್ಲ."

ಅವನು ಕಾರನ್ನು ಬದಿಗೆ ನಿಲ್ಲಿಸಿ, ಇಳಿದು ರಸ್ತೆಯಂಚಿಗೆ ಹೋಗಿ ನಿಂತ. ಬೈದಿದ್ದರೂ ಆಗುತ್ತಿತ್ತು... ಬಂಡೆಯ ನೆರಳು ಟೈರಿನಿಂದ ಬಾಗಿಲಿಗೆ ಏರಿತು. ಈ ತಾಯಿಗೆ ಮಗಳ ಮುಖ ಸಿಗದಿದ್ದರೆ? ಅದೂ ನನ್ನ ಕೈಯಿಂದ?

ತಾಯಿ ನಿಧಾನವಾಗಿ ಇಳಿದು ಅವಳ ಪಕ್ಕದಲ್ಲಿ ಕಲ್ಲಿನ ಮೇಲೆ ಕುಳಿತರು.

"ನನ್ನ ಮಗಳೂ ಹೀಗೇ. ಅವಸರದವಳು. ಸಾರಿಗೆ ಉಪ್ಪು ಹಾಕಿದ್ದನ್ನ ಮರೆತು ಮತ್ತೆ ಹಾಕೋಳು."

"ಅಮ್ಮಾ, ಆಗ ನಾನಂದ ಮಾತು..."

"ಗೊತ್ತಿದ್ದು ಅಂದೆಯಾ? ಇಲ್ವಲ್ಲ." ಅವರು ಮಸಿ ಮೆತ್ತಿದ ಅವಳ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. "ಹೆದರಬೇಡ ಮಗಳೇ. ಮುಖ ತೋರಿಸೋನು ಮೇಲಿದ್ದಾನೆ. ನೀನು ನಿನ್ನ ಕೆಲಸ ಮಾಡು."

ಅವನು ದೂರದಿಂದ ಇದನ್ನು ನೋಡಿದ. ಬೆಳಿಗ್ಗೆಯಿಂದ ಅಮ್ಮ ಯಾರೊಂದಿಗೂ ಆಡಿರದ ಮಾತನ್ನು ಈ ಹೆಣ್ಣಿನೊಂದಿಗೆ ಆಡುತ್ತಿದ್ದರು. ಅವನ ಕಣ್ಣು ತುಂಬಿತು.

ಮುಚ್ಚಳ ಕೈಗೆ ತಣ್ಣಗಾದಾಗ ಪುಟ್ಟಿ ಅದನ್ನು ತಿರುಗಿಸಿದಳು. "ಸ್ಟಾರ್ಟ್ ಮಾಡಿ. ಹೀಟರ್ ಪೂರ್ತಿ ಇಡಿ." ಏರಿನಲ್ಲಿ ನಿಂತ ಕಾರಿನ ಮೂತಿ ಮೇಲಿತ್ತು, ಗಾಳಿ ಮುಚ್ಚಳದ ಕಡೆಗೇ ಏರುತ್ತದೆ, ಅದೇ ಪುಣ್ಯ. ಪೈಪನ್ನು ಹಿಸುಕಿ ಹಿಸುಕಿ ಬಿಟ್ಟಳು. ಗುಳ್ಳೆಗಳು ಬುಳುಬುಳು ಎಂದು ಎದ್ದವು, ನೀರು ಕೆಳಗಿಳಿಯಿತು. ಕುಡಿಯಲು ತಂದಿದ್ದ ಬಾಟಲಿಯ ನೀರನ್ನು ಸುರಿದಳು. ಮತ್ತೆ ಗುಳ್ಳೆ, ಮತ್ತೆ ನೀರು.

"ಬಿಸಿ ಗಾಳಿ ಬಂತು!" ಎಂದು ಒಳಗಿನಿಂದ ಕೂಗಿದ ಅವನು.

ಗುಳ್ಳೆ ನಿಂತ ಮೇಲೆ ಅವಳು ಮುಚ್ಚಳ ಬಿಗಿದಳು. ಆ ಗಾಳಿಯಲ್ಲೇ ಬೇಯುತ್ತ ಮೂವರೂ ಗುಡ್ಡ ದಾಟಿದರು. ಯಾರೂ ಮುಳ್ಳಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಭಾವನ ಮನೆಯಂಗಳದಲ್ಲಿ ಶವ ಎತ್ತಲು ಜನ ಏಳುವ ಹೊತ್ತಿಗೆ ಕಾರು ನಿಂತಿತು. ತಾಯಿ ಮಗಳ ಕೆನ್ನೆಗೆ ಕೆನ್ನೆ ಇಟ್ಟರು. ಗೇಟಿನ ಹೊರಗೆ ನಿಂತಿದ್ದ ಪುಟ್ಟಿ ಗೋಡೆಗೆ ಮುಖ ತಿರುಗಿಸಿ ಅತ್ತಳು. ಸಿಕ್ಕ ಬಸ್ಸಿಗೆ ಹೇಳದೆ ಹೊರಟುಬಂದಳು.

ಆಮೇಲೆ ಆ ಕಾರು ಗ್ಯಾರೇಜಿನ ಮುಂದೆ ಹಲವು ಸಲ ಹಾದುಹೋಯಿತು. ನಿಧಾನವಾಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಇನ್ನೂ ಕೋಪ ಇಳಿದಿಲ್ಲ ಅಂದುಕೊಂಡಳು ಪುಟ್ಟಿ. ಸರಿಯೇ, ನನಗೆ ತಕ್ಕದ್ದೇ...

ಒಂದು ದಿನ ನಿಂತಿತು.

"ಏನಾಗಿದೆ?" ಎಂದು ಬಾನೆಟ್ ಎತ್ತಿದಳು, ಅವನ ಮುಖ ನೋಡದೆ.

"ಏನೂ ಆಗಿಲ್ಲ."

ಒಳಗಿನಿಂದ ಮೇಸ್ತ್ರಿ ಇಣುಕಿದ. "ಕೆಡದ ಗಾಡಿ ರಿಪೇರಿಗೆ ತರೋ ಗಿರಾಕಿ ನನ್ನ ಜನ್ಮದಲ್ಲಿ ಇದೇ ಮೊದಲು," ಎಂದು ಗೊಣಗಿ ಒಳಗೆ ಹೋದ.

"ಇಷ್ಟು ದಿನ ನಿಲ್ಲಿಸೋಕೆ ಕಾರಣವೇ ಸಿಗಲಿಲ್ಲ," ಎಂದ ಅವನು. "ನೀವು ಅಷ್ಟು ಚೆನ್ನಾಗಿ ಸರಿಮಾಡಿಬಿಟ್ಟಿದ್ದಿರಿ."

"ನಾನು... ಕೋಪ ಅಂದುಕೊಂಡಿದ್ದೆ."

"ಹೆದರಿಕೆ. ಆ ದಿನ ನಿಮ್ಮ ಮೇಲೆ ರೇಗಿದೆ. ನೀವು ತಪ್ಪು ನನ್ನದು ಅಂದಿರಿ. ನಾನು ಅಷ್ಟನ್ನೂ ಹೇಳಲಿಲ್ಲ." ಅವನು ಬಾನೆಟ್ ಇಳಿಸಿದ. "ಅಮ್ಮ ಕೇಳ್ತಿರ್ತಾರೆ, ಆ ಮಗಳು ಎಲ್ಲಿ ಅಂತ. ನಾನೂ ಕೇಳ್ತಿದ್ದೀನಿ. ನಮ್ಮನೆಗೆ ಬರ್ತೀಯಾ? ಇರೋದಕ್ಕೆ."

ಅವಳ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು.

"ನನಗೂ ಹೆದರಿಕೆ. ಮತ್ತೆ ಏನಾದರೂ ತಪ್ಪು ಮಾಡಿದರೆ?"

"ಮಾಡು. ಹೇಳಿಬಿಡು. ನಾನೂ ಹೇಳ್ತೀನಿ."

"ಬರ್ತೀನಿ," ಎಂದಳು, ಅವನಿಗಷ್ಟೇ ಕೇಳುವಂತೆ.

ಆ ಸಂಜೆ ಅವನ ಮನೆಯಲ್ಲಿ ಇಬ್ಬರೂ ಅಕ್ಕನ ಚಿತ್ರದ ಮುಂದೆ ಕೈಮುಗಿದು ನಿಂತರು. ತಾಯಿ ಇಬ್ಬರ ತಲೆಯ ಮೇಲೂ ಕೈಯಿಟ್ಟು, ಮೆಲುದನಿಯಲ್ಲಿ ಬೇಡಿಕೊಂಡರು:

"ದೇವರೇ, ನನಗಿಂತ ಮುಂಚೆ ನಿನ್ನ ಹತ್ತಿರ ಬಂದಿದ್ದಾಳೆ ನನ್ನ ಕೂಸು. ಕತ್ತಲೆಗೆ ಹೆದರೋಳು. ಕೈಬಿಡಬೇಡಪ್ಪಾ. ಅವಳಿಗೆ ಶಾಂತಿ ಕೊಡು."